ಉಸಿರೋ, ನಾಡಿಯೋ? ಹೈದರಾಬಾದಿನ ಕ್ಲೋರೋಫಾರ್ಮ್ ಆಯೋಗದ ಕಥೆ

ಊರಿನಿಂದ ಆಪರೇಷನ್ನಿಗೆಂದು ಬರುವವರು ಇಳಿದುಕೊಳ್ಳುವುದು ನಮ್ಮಂಥವರ ಮನೆಗಳಲ್ಲಿಯೇ. ಹೈದರಾಬಾದಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಈ ಅನುಭವವಿಲ್ಲದ ಮನೆ ಇರಲಾರದು. ರಾಯಚೂರು, ಕಲಬುರಗಿ, ಬೀದರಗಳ ಕಡೆಯಿಂದ ರಾತ್ರಿ ಬಸ್ಸು ಹತ್ತಿ ಬೆಳಗಿನ ಜಾವಕ್ಕೆ ಬಾಗಿಲು ತಟ್ಟುತ್ತಾರೆ. ಒಂದು ಕೈಯಲ್ಲಿ ಹಳೆಯ ರಿಪೋರ್ಟುಗಳ ಚೀಲ, ಇನ್ನೊಂದರಲ್ಲಿ ನಮಗೆಂದು ತಂದ ಜೋಳದ ಹಿಟ್ಟು. ಕಳೆದ ವರ್ಷ ನಮ್ಮ ಸೋದರಮಾವ ಪಿತ್ತಕೋಶದ ಕಲ್ಲು ತೆಗೆಸಿಕೊಳ್ಳಲು ಬಂದಿದ್ದರು. ಎಪ್ಪತ್ತು ದಾಟಿದ ಜೀವ. ಹೊಟ್ಟೆ ಕೊಯ್ಯುವುದರ ಬಗ್ಗೆ ಅವರಿಗೆ ಚಿಂತೆಯೇ ಇರಲಿಲ್ಲ. ಹಿಂದಿನ ರಾತ್ರಿ ಊಟ ಮುಗಿಸಿ ಕುಳಿತಾಗ ಕೇಳಿದ್ದು ಒಂದೇ ಮಾತು: "ಏನಪಾ, ಮದ್ದು ಕೊಟ್ಟು ಮಲಗಿಸಿದ ಮ್ಯಾಲೆ ನಾ ಮತ್ತ ಎಚ್ಚರಾಗ್ತೀನಿ ಹೌದಲ್ಲೋ?"

"ಏನೂ ಆಗೋದಿಲ್ಲ ಮಾವಾ, ಮಲಕೋರಿ" ಎಂದೆವು. ಹೇಳಿದೆವೇ ಹೊರತು ಯಾವ ಆಧಾರದ ಮೇಲೆ ಹೇಳಿದೆವೆಂದು ಕೇಳಿದ್ದರೆ ನಾವು ನಿರುತ್ತರರಾಗುತ್ತಿದ್ದೆವು. ಆ ಕಾರಣಕ್ಕೇ ಒಂದಿಷ್ಟು ಓದಲು ತೊಡಗಿದಾಗ ತಿಳಿದುಬಂದ ಸಂಗತಿ ನಮ್ಮನ್ನು ಬೆರಗುಗೊಳಿಸಿತು. ಮಾವ ಕೇಳಿದ ಪ್ರಶ್ನೆಯನ್ನೇ ಇದೇ ಊರಿನಲ್ಲಿ, 1889ರಲ್ಲಿ, ನಿಜಾಮರ ಬೊಕ್ಕಸದ ಹಣದಿಂದ, ಇಡೀ ವೈದ್ಯಲೋಕ ಕಿವಿಗೊಡುವಂತೆ ಕೇಳಲಾಗಿತ್ತು. ರಾಯಚೂರು, ಗುಲ್ಬರ್ಗ, ಬೀದರಗಳು ಆಗ ನಿಜಾಮರ ಆಡಳಿತದಲ್ಲಿದ್ದುದರಿಂದ ಆ ಹಣದಲ್ಲಿ ನಮ್ಮ ಹಿರಿಯರು ಕಟ್ಟಿದ ಕಂದಾಯವೂ ಸೇರಿತ್ತೆನ್ನಬಹುದು. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ 1897ರಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಿಯನ್ನು ಕಂಡ ಸಂಗತಿ ಇಲ್ಲಿನ ಶಾಲೆಯ ಮಕ್ಕಳಿಗೂ ಗೊತ್ತು. ಅದಕ್ಕಿಂತ ಎಂಟು ವರ್ಷ ಹಿಂದಿನ ಈ ಕಥೆ ಮಾತ್ರ ಅನೇಕರಿಗೆ ತಿಳಿಯದು.

ಕಥೆಯ ಮೂಲ ದೂರದ್ದು. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದ ಆಸ್ಪತ್ರೆಯೊಂದರಲ್ಲಿ ಮಾರ್ಟನ್ ಎಂಬ ಹಲ್ಲಿನ ವೈದ್ಯ ಈಥರ್ ಮೂಸಿಸಿ ರೋಗಿಯನ್ನು ಮಲಗಿಸಿದ; ಕತ್ತಿಯಾಡಿದರೂ ಆತ ಕಿರುಚಲಿಲ್ಲ. ಮರುವರ್ಷ ನವೆಂಬರಿನಲ್ಲಿ ಎಡಿನ್‌ಬರೋದ ಸಿಂಪ್ಸನ್ ತನ್ನ ಮನೆಯ ಊಟದ ಕೋಣೆಯಲ್ಲಿ ಇಬ್ಬರು ಸಹಾಯಕರೊಡನೆ ಕ್ಲೋರೋಫಾರ್ಮನ್ನು ಮೂಸಿ ನೋಡಿದ. ಮೂವರೂ ಉರುಳಿಬಿದ್ದರು, ಮೂವರೂ ಎದ್ದರು. ಈಥರಿನ ಘಾಟು, ಕೆಮ್ಮು, ಬೆಂಕಿಯ ಭಯ ಯಾವುದೂ ಇದಕ್ಕಿಲ್ಲ. ಒಂದು ಕರವಸ್ತ್ರ, ನಾಲ್ಕು ಹನಿ ಇದ್ದರೆ ಸಾಕು. ಕೆಲವೇ ವಾರಗಳಲ್ಲಿ ಬ್ರಿಟನ್ನೆಲ್ಲ ಕ್ಲೋರೋಫಾರ್ಮಿಗೆ ಒಲಿಯಿತು.

ಮೂರು ತಿಂಗಳೂ ಕಳೆದಿರಲಿಲ್ಲ. 1848ರ ಜನವರಿ 28ರಂದು ಇಂಗ್ಲೆಂಡಿನ ನ್ಯೂಕಾಸಲ್ ಬಳಿಯ ವಿನ್ಲೇಟನ್ ಎಂಬ ಹಳ್ಳಿಯಲ್ಲಿ ಹ್ಯಾನಾ ಗ್ರೀನರ್ ಎಂಬ ಹದಿನೈದು ವರ್ಷದ ಹುಡುಗಿಯ ಕಾಲಿನ ಉಗುರು ಕೀಳಬೇಕಾಗಿತ್ತು. ಈ ಮೊದಲು ಇನ್ನೊಂದು ಉಗುರಿಗೆ ಈಥರ್ ಪಡೆದು ಸುಖವಾಗಿ ಎದ್ದವಳು ಅವಳು. ಈ ಬಾರಿ ಕ್ಲೋರೋಫಾರ್ಮ್. ಬಟ್ಟೆಯನ್ನು ಮೂಗಿಗೆ ಹಿಡಿದ ಎರಡು ಮೂರು ನಿಮಿಷಗಳಲ್ಲಿ ಮುಖ ಬಿಳಿಚಿತು, ಪ್ರಾಣ ಹೋಯಿತು. ಹುಡುಗಿ ಮೊದಲಿನಿಂದಲೂ ಬಹಳ ಹೆದರಿದ್ದಳೆಂದು ಅಂದಿನ ದಾಖಲೆ ಹೇಳುತ್ತದೆ. ಓದುಗರು ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಗ್ಯಾಂಗ್ರೀನಿನ ಕಾಲು ಕತ್ತರಿಸುವಾಗ ಸತ್ತರೆ ಜನ ವಿಧಿಯೆನ್ನುತ್ತಾರೆ. ಉಗುರು ಕೀಳಲು ನಡೆದುಕೊಂಡು ಬಂದ ಹುಡುಗಿ ಸತ್ತರೆ ಏನೆನ್ನಬೇಕು? ಲಂಡನ್ನಿನ ಜಾನ್ ಸ್ನೋ ಈ ಪ್ರಶ್ನೆಯನ್ನು ಕೈಬಿಡಲಿಲ್ಲ. ಕಾಲರಾ ಹರಡುವುದು ನೀರಿನಿಂದಲೆಂದು 1854ರಲ್ಲಿ ಬೀದಿಯ ಪಂಪೊಂದರ ಸುತ್ತಲಿನ ಸಾವುಗಳನ್ನು ಎಣಿಸಿ ತೋರಿಸಿದ ಮಹನೀಯ ಇವನೇ. ರಾಣಿ ವಿಕ್ಟೋರಿಯಾಳಿಗೆ 1853ರಲ್ಲಿ ಹೆರಿಗೆಯ ಸಮಯಕ್ಕೆ ಕ್ಲೋರೋಫಾರ್ಮ್ ಕೊಟ್ಟವನೂ ಇವನೇ. ತಾನು ನಾಲ್ಕು ಸಾವಿರಕ್ಕೂ ಹೆಚ್ಚು ರೋಗಿಗಳಿಗೆ ಕ್ಲೋರೋಫಾರ್ಮ್ ಕೊಟ್ಟಿದ್ದರೂ ಅವನ ಗಮನವೆಲ್ಲ ಬೇರೆಡೆ ಸತ್ತವರ ಮೇಲಿತ್ತು. ಐವತ್ತು ಸಾವುಗಳ ವಿವರವನ್ನು ಕಲೆಹಾಕಿ ಒಂದೊಂದನ್ನೂ ಬಿಡಿಸಿ ನೋಡಿದ. ಹೀಗೆ ಸತ್ತವರಲ್ಲಿ ಬಹುಪಾಲು ಜನರಿಗೆ ನಡೆಯುತ್ತಿದ್ದುದು ಸಣ್ಣಪುಟ್ಟ ಚಿಕಿತ್ಸೆ. ಆವಿ ಗಾಳಿಯೊಡನೆ ತೀರ ಗಾಢವಾಗಿ ಸೇರಿದಾಗ ಅದು ನೇರವಾಗಿ ಹೃದಯಕ್ಕೆ ಪೆಟ್ಟು ಕೊಡುತ್ತದೆಂಬುದು ಅವನ ತೀರ್ಮಾನ. ಆ ಪುಸ್ತಕ 1858ರಲ್ಲಿ ಹೊರಬರುವ ಹೊತ್ತಿಗೆ ಸ್ನೋ ಇರಲಿಲ್ಲ.

ಎಡಿನ್‌ಬರೋದವರು ಇದನ್ನು ಒಪ್ಪಲಿಲ್ಲ. ಅಲ್ಲಿನ ಶಸ್ತ್ರವೈದ್ಯ ಸೈಮ್ ತನ್ನ ಶಿಷ್ಯರಿಗೆ ಹೇಳುತ್ತಿದ್ದುದು ಬೇರೆ: ನಾಡಿಯ ಗೊಡವೆ ಬೇಡ, ಉಸಿರನ್ನು ನೋಡಿ, ಉಸಿರು ಕೆಡದಿದ್ದರೆ ಹೃದಯಕ್ಕೇನೂ ಆಗದು. ಲಂಡನ್ನಿನವರು ರೋಗಿಯ ಮಣಿಕಟ್ಟು ಹಿಡಿದು ಕುಳಿತರು, ಎಡಿನ್‌ಬರೋದವರು ಎದೆಯ ಏರಿಳಿತ ನೋಡುತ್ತ ಕುಳಿತರು. ಎರಡನ್ನೂ ಏಕಕಾಲಕ್ಕೆ ನೋಡಿದರೆ ಯಾರಪ್ಪನ ಗಂಟು ಹೋಗುತ್ತಿತ್ತೆಂದು ನಮಗನಿಸಬಹುದು. ಆದರೆ ಗುರುಪರಂಪರೆಯ ಹಟ ನಮ್ಮ ದೇಶದ್ದೊಂದೇ ಸೊತ್ತಲ್ಲ.

ಸೈಮನ ಕೈಕೆಳಗೆ ಕಲಿತ ಎಡ್ವರ್ಡ್ ಲಾರಿ ಹಿಂದೂಸ್ಥಾನಕ್ಕೆ ಬಂದು, ಲಾಹೋರಿನಲ್ಲಿದ್ದು, 1885ರ ವೇಳೆಗೆ ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ನನಾದ. ಕೋಠಿಯಲ್ಲಿ ಮುಂದೆ ಮಹಿಳಾ ಕಾಲೇಜಾದ ಆ ಕಂಬಗಳ ಭವ್ಯ ಕಟ್ಟಡವೇ ಅಂದಿನ ರೆಸಿಡೆನ್ಸಿ. ಲಾರಿ ಇಲ್ಲಿನ ವೈದ್ಯಕೀಯ ಶಾಲೆಯ ಮುಖ್ಯಸ್ಥನೂ ಆಗಿ, ಮೂಸಿ ನದಿಯ ದಡದಲ್ಲಿದ್ದ ಅಫ್ಜಲ್‌ಗಂಜ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಡೆಸುತ್ತಿದ್ದ. (ಆ ಆಸ್ಪತ್ರೆ 1908ರ ಮಹಾಪೂರದಲ್ಲಿ ಕೊಚ್ಚಿಹೋಯಿತು.) ಕೆಲಸದಲ್ಲಿ ನುರಿತವನು, ಬಡ ರೋಗಿಗಳಿಗಾಗಿ ದುಡಿದವನು, ಗುರುವಿನ ಮಾತಿನಲ್ಲಿ ಎಳ್ಳಷ್ಟೂ ಸಂಶಯವಿಲ್ಲದವನು. ಬಟ್ಟೆಯನ್ನು ಕುಲಾವಿಯಂತೆ ಸುತ್ತಿ, ಒಳಗೆ ಕ್ಲೋರೋಫಾರ್ಮ್ ಸುರಿದು, ಉಸಿರನ್ನಷ್ಟೇ ನೋಡುತ್ತ ಸಾವಿರಾರು ಜನರಿಗೆ ಕೊಡಿಸಿದ. ಹೀಗೆ ಕೊಟ್ಟರೆ ಅಪಾಯವೇ ಇಲ್ಲವೆಂಬುದು ಅವನ ಅಚಲ ನಂಬಿಕೆ.

ಈ ನಂಬಿಕೆಯನ್ನು ಲೋಕಕ್ಕೆ ತೋರಿಸಲು 1888ರಲ್ಲಿ ಮೊದಲ ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗ ಏರ್ಪಟ್ಟಿತು. ನಾಯಿಗಳಿಗೆ ಕ್ಲೋರೋಫಾರ್ಮ್ ಕೊಟ್ಟು ಸಾಯುವತನಕ ನೋಡಿದರು. ಮೊದಲು ನಿಂತದ್ದು ಉಸಿರು, ಹೃದಯ ನಿಂತದ್ದು ಅನಂತರ. ಲಂಡನ್ನಿನ ಪ್ರಸಿದ್ಧ ವೈದ್ಯಪತ್ರಿಕೆ 'ಲ್ಯಾನ್ಸೆಟ್' ಈ ವರದಿಯ ಬಗ್ಗೆ ಸಂಶಯ ವ್ಯಕ್ತಪಡಿಸಿತು. ಲಾರಿ ಸುಮ್ಮನಿರುವ ಆಸಾಮಿಯಲ್ಲ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಬಳಿಗೆ ಹೋಗಿ, ನೀವೇ ಒಬ್ಬ ಪರಿಣತನನ್ನು ಆರಿಸಿ ಕಳಿಸಿ, ಖರ್ಚಿಗೆ ಸಾವಿರ ಪೌಂಡು ನಮ್ಮದು ಎಂದು ಪತ್ರಿಕೆಗೇ ಆಹ್ವಾನ ಹೋಗುವಂತೆ ಮಾಡಿದ. ಹೀಗೆ ಸಾವಿರ ಪೌಂಡು ಕೊಟ್ಟು ತನ್ನ ಟೀಕಾಕಾರನನ್ನೇ ಮನೆಗೆ ಕರೆಸಿಕೊಂಡ ವಿಜ್ಞಾನಿ ಇನ್ನೊಬ್ಬನಿದ್ದಾನೆಯೇ, ನಾವರಿಯೆವು.

ಪತ್ರಿಕೆ ಆರಿಸಿದ್ದು ಸಾಮಾನ್ಯನನ್ನಲ್ಲ. ಎದೆನೋವಿಗೆ ಅಮೈಲ್ ನೈಟ್ರೈಟ್ ಎಂಬ ಮದ್ದನ್ನು 1867ರಲ್ಲಿ ಬಳಕೆಗೆ ತಂದ ಲಾಡರ್ ಬ್ರಂಟನ್ 1889ರ ಅಕ್ಟೋಬರಿನಲ್ಲಿ ಹೈದರಾಬಾದಿಗೆ ಬಂದಿಳಿದ. ಬರುವಾಗ ಅವನ ಅಭಿಪ್ರಾಯ ಲಾರಿಗೆ ವಿರುದ್ಧವಾಗಿತ್ತು. ಎರಡನೆಯ ಆಯೋಗದಲ್ಲಿ ಇವನ ಜೊತೆಗೆ ಬಾಮ್‌ಫರ್ಡ್, ರುಸ್ತುಂಜಿ ಹಕೀಮ್ ಎಂಬ ವೈದ್ಯರಿದ್ದರು. ಅಧ್ಯಕ್ಷ? ಸ್ವತಃ ಲಾರಿ. ಸರ್ಕಾರಿ ಫೈಲುಗಳ ನಡುವೆ ಕಾಲ ಕಳೆಯುವ ನಮಗೆ ವಿಚಾರಣಾ ಸಮಿತಿಯೆಂದರೆ ಮೊದಲು ಅಧ್ಯಕ್ಷರ ಹೆಸರು ನೋಡುವ ಅಭ್ಯಾಸ. ಇಲ್ಲಿ ವಾದಿಯೇ ಪೀಠದ ಮೇಲೆ ಕುಳಿತದ್ದು ಕಂಡು ನಗು ಬಂದಿತು.

ಆದರೂ ಕೆಲಸ ಕಾಟಾಚಾರದ್ದಾಗಿರಲಿಲ್ಲ. ನಾಯಿ, ಕುದುರೆ, ಕೋತಿ, ಆಡು, ಬೆಕ್ಕು, ಮೊಲ ಸೇರಿ 490 ಪ್ರಾಣಿಗಳು. ಅವುಗಳಲ್ಲಿ 120ರ ರಕ್ತದೊತ್ತಡವನ್ನು ಮಸಿ ಹಿಡಿದ ಕಾಗದದ ಮೇಲೆ ಗೆರೆಯಾಗಿ ಬರೆಯುವ ಯಂತ್ರದಿಂದ ದಾಖಲಿಸಿ, ಆ ಗೆರೆಗಳ ಫೋಟೋ ತೆಗೆದಿಟ್ಟರು. ಮೂಕಪ್ರಾಣಿಗಳ ಗತಿಯನ್ನು ನೆನೆದರೆ ಇಂದು ಮನಸ್ಸು ಮುದುಡುತ್ತದೆ. ಎರಡು ತಿಂಗಳು ಕಳೆಯುವುದರೊಳಗೆ ಬ್ರಂಟನ್ ಲಂಡನ್ನಿಗೆ ತಂತಿ ಕೊಟ್ಟ. ಅಪಾಯ ಉಸಿರುಗಟ್ಟುವುದರಿಂದ ಅಥವಾ ಮದ್ದು ಅತಿಯಾಗುವುದರಿಂದ. ಹೃದಯದ ಮೇಲೆ ನೇರ ಪರಿಣಾಮವಿಲ್ಲ ಎಂಬುದು ಅದರ ತಿರುಳು. ಸಂಶಯವಾದಿಯಾಗಿ ಬಂದವನು ಲಾರಿಯ ಪಕ್ಷ ಸೇರಿದ್ದ. ಮುಂದಿನ ವರ್ಷ 'ಲ್ಯಾನ್ಸೆಟ್' ವರದಿಯನ್ನು ಅಚ್ಚು ಹಾಕಿತು, ಹೈದರಾಬಾದಿನ ಹೆಸರು ಯುರೋಪು ಅಮೆರಿಕಗಳ ವೈದ್ಯಶಾಲೆಗಳಲ್ಲೆಲ್ಲ ಕೇಳಿಬಂದಿತು.

ಇಲ್ಲೊಂದು ಹೆಸರನ್ನು ಹೇಳದೆ ಮುಂದೆ ಹೋಗಲಾರೆವು. 1885ರಲ್ಲಿ ಹೈದರಾಬಾದಿನ ವೈದ್ಯಕೀಯ ಶಾಲೆ ಸೇರಿದ ಮೊದಲ ಹೆಣ್ಣುಮಕ್ಕಳಲ್ಲಿ ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರ್ಸಿ ತರುಣಿಯೂ ಒಬ್ಬರು. ಲಾರಿಯ ಬಳಿ ಕ್ಲೋರೋಫಾರ್ಮ್ ಕೊಡುವ ವಿದ್ಯೆ ಕಲಿತು, ಅದನ್ನೇ ತಮ್ಮ ವೃತ್ತಿಯಾಗಿಸಿಕೊಂಡು ಇಲ್ಲಿನ ಆಸ್ಪತ್ರೆಗಳಲ್ಲಿ ದೀರ್ಘಕಾಲ ದುಡಿದರು. ಸಾಲದೆಂಬಂತೆ 1909ರಲ್ಲಿ ಎಡಿನ್‌ಬರೋಗೆ ಹೋಗಿ ಭೌತ ಮತ್ತು ರಸಾಯನಶಾಸ್ತ್ರಗಳನ್ನು ಓದಿಬಂದರು. ಜಗತ್ತಿನ ಮೊದಲ ಅರಿವಳಿಕೆ ವೈದ್ಯೆಯರಲ್ಲಿ ಇವರದು ಅಗ್ರಪಂಕ್ತಿಯೆಂದು ಇತಿಹಾಸಕಾರರು ಬರೆದಿದ್ದಾರೆ. ಸಾವಿರ ಪೌಂಡಿನ ವಿಷಯ ಬಲ್ಲವರಿಗೂ ಇವರ ಹೆಸರು ಗೊತ್ತಿರುವುದು ಅಪರೂಪ.

ಇನ್ನು ಆಯೋಗದ ತೀರ್ಪಿನ ಗತಿಯೇನಾಯಿತು? ನಿಜಾಮರ ಸರ್ಕಾರವೇ ಹಣ ಕೊಟ್ಟು ಕೇಂಬ್ರಿಜ್ಜಿನ ಗ್ಯಾಸ್ಕೆಲ್ ಮತ್ತು ಶೋರ್ ಎಂಬ ವಿದ್ವಾಂಸರಿಂದ ಮತ್ತೆ ಪ್ರಯೋಗ ಮಾಡಿಸಿತು. ಒಂದು ಪ್ರಾಣಿಯ ಮೆದುಳಿಗೆ ಇನ್ನೊಂದರ ರಕ್ತ ಹರಿಯುವಂತೆ ಜೋಡಿಸಿ, ಕ್ಲೋರೋಫಾರ್ಮ್ ಮೆದುಳಿಗೆ ಹೋದಾಗ ಏನಾಗುತ್ತದೆ, ಹೃದಯಕ್ಕೆ ಹೋದಾಗ ಏನಾಗುತ್ತದೆ ಎಂದು ಬೇರೆ ಬೇರೆಯಾಗಿ ನೋಡಿದರು. 1893ರಲ್ಲಿ ಬಂದ ಉತ್ತರ ಹೈದರಾಬಾದಿಗೆ ವಿರುದ್ಧ: ಕ್ಲೋರೋಫಾರ್ಮ್ ಹೃದಯವನ್ನು ನೇರವಾಗಿಯೇ ಕುಗ್ಗಿಸುತ್ತದೆ. ಅದೇ ವರ್ಷ 'ಲ್ಯಾನ್ಸೆಟ್' ಪ್ರಾಣಿಗಳನ್ನು ಬಿಟ್ಟು ಆಸ್ಪತ್ರೆಗಳಲ್ಲಿ ಸತ್ತ ಮನುಷ್ಯರ ವಿವರಗಳನ್ನು ತರಿಸಿ ಪ್ರಕಟಿಸಿತು. ಅಲ್ಲಿಯೂ ಉಸಿರಾಡುತ್ತಿರುವಾಗಲೇ ನಾಡಿ ನಿಂತವರಿದ್ದರು. ಲಾರಿ ಯಾವುದನ್ನೂ ಒಪ್ಪಲಿಲ್ಲ. ಎಲ್ಲಿಯಾದರೂ ರೋಗಿ ಸತ್ತನೆಂದರೆ ಅವನ ಉತ್ತರ ಸಿದ್ಧವಾಗಿತ್ತು: ಕೊಟ್ಟವನು ಉಸಿರನ್ನು ಸರಿಯಾಗಿ ನೋಡಲಿಲ್ಲ. ಬದುಕಿದರೆ ಪದ್ಧತಿಯ ಗುಣ, ಸತ್ತರೆ ಕೊಟ್ಟವನ ದೋಷ. ಇಂಥ ವಾದವನ್ನು ಸೋಲಿಸುವುದು ಯಾರಿಂದ ಸಾಧ್ಯ?

ಉಗುರಿನ ಹುಡುಗಿಯ ಸಾವಿಗೆ ಒಪ್ಪುವಂಥ ಉತ್ತರ ಸಿಕ್ಕಿದ್ದು 1911ರಲ್ಲಿ. ಲಂಡನ್ನಿನ ಗುಡ್‌ಮನ್ ಲೆವಿ ಬೆಕ್ಕುಗಳಿಗೆ ಕ್ಲೋರೋಫಾರ್ಮನ್ನು ಅತಿಯಾಗಿ ಕೊಡದೆ ತೀರ ಕಡಿಮೆ ಕೊಟ್ಟು ನೋಡಿದ. ಆ ಅರೆಮತ್ತಿನಲ್ಲಿ ಅಡ್ರಿನಲಿನ್ ರಕ್ತಕ್ಕೆ ಸೇರಿತೆಂದರೆ ಹೃದಯ ಬಡಿಯುವುದನ್ನು ಬಿಟ್ಟು ಹುಳುಗಳ ಮೂಟೆಯಂತೆ ಅದುರತೊಡಗುತ್ತದೆ, ಕ್ಷಣದಲ್ಲಿ ಎಲ್ಲ ಮುಗಿಯುತ್ತದೆ. ಅಡ್ರಿನಲಿನ್ ಎಂದರೆ ಹೆದರಿದಾಗ ನಮ್ಮ ದೇಹವೇ ಸುರಿಸುವ ರಸ. ಹ್ಯಾನಾ ಗ್ರೀನರ್ ಹೆದರಿದ್ದಳು. ಇನ್ನೂ ಪೂರ್ತಿ ಮತ್ತಾಗಿರಲಿಲ್ಲ. ಹೈದರಾಬಾದಿನವರು ಬಹುಪಾಲು ನೋಡಿದ್ದು ಅತಿಯಾದ ಮದ್ದಿನ ಸಾವನ್ನು. ಅಲ್ಲಿ ಉಸಿರೇ ಮೊದಲು ನಿಲ್ಲುವುದು ನಿಜ. ಅವರ ಕಣ್ಣು ಸುಳ್ಳು ಹೇಳಲಿಲ್ಲ, ಆದರೆ ಅವರು ನೋಡಿದ ಸಾವೇ ಬೇರೆ, ಜನ ಸಾಯುತ್ತಿದ್ದ ಸಾವೇ ಬೇರೆ.

ನಾವು ಬಿ.ಎಸ್ಸಿ. ಓದುವಾಗ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಕಪ್ಪೆಗಳನ್ನು ಗಾಜಿನ ಜಾಡಿಗೆ ಹಾಕಿ ಕ್ಲೋರೋಫಾರ್ಮ್ ಹತ್ತಿ ಇಡುತ್ತಿದ್ದರು. ಆ ಸಿಹಿ ವಾಸನೆ ಇಂದಿಗೂ ಮೂಗಿನಲ್ಲಿದೆ. ಕಪ್ಪೆ ಒಂದೆರಡು ಸಲ ನೆಗೆದು ಸುಮ್ಮನಾಗುತ್ತಿತ್ತು. ಅದನ್ನು ನೂರು ಸಲ ನೋಡಿದ್ದರೂ ಮರುದಿನ ಆಪರೇಷನ್ ಇರುವ ನಮ್ಮ ಮಾವನಿಗೆ ಹೇಳಲು ಅದರಲ್ಲಿ ಏನೂ ಇರುತ್ತಿರಲಿಲ್ಲ.

ಆದರೂ ಲಾರಿಯನ್ನು ತಪ್ಪಿತಸ್ಥರ ಸಾಲಿನಲ್ಲಿ ನಿಲ್ಲಿಸಲು ನಮಗೆ ಮನಸ್ಸಿಲ್ಲ. ಅದಕ್ಕೊಂದು ಕಾರಣವಿದೆ. ಅದುವರೆಗೆ ಸಾವು ಸಂಭವಿಸಿದರೆ ರೋಗಿಯ ಹೃದಯ ದುರ್ಬಲವಾಗಿತ್ತೆಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಮದ್ದು ಕೊಡುವವನೇ ಹೊಣೆ, ಅವನು ರೋಗಿಯ ಒಂದೊಂದು ಉಸಿರನ್ನೂ ಕಾಯಬೇಕು, ಶಸ್ತ್ರವೈದ್ಯನ ಕೈಚಳಕ ನೋಡುತ್ತ ನಿಲ್ಲಕೂಡದು ಎಂದು ಗಟ್ಟಿಯಾಗಿ ಹೇಳಿದವರಲ್ಲಿ ಲಾರಿಯೂ ಒಬ್ಬ. ನಾಡಿಯನ್ನು ನೋಡಬೇಡಿ ಎಂದದ್ದು ತಪ್ಪು. ಉಸಿರನ್ನು ಬಿಡದೆ ನೋಡಿ ಎಂದದ್ದು ತಪ್ಪಲ್ಲ.

ಎರಡನ್ನೂ ನೋಡಿ ಬರೆದಿಡುವ ಪದ್ಧತಿ ಆರಂಭವಾದದ್ದು ಬಾಸ್ಟನ್ನಿನ ಇಬ್ಬರು ಹುಡುಗರಿಂದ. ಹಾರ್ವೆ ಕುಶಿಂಗ್ ಇನ್ನೂ ವಿದ್ಯಾರ್ಥಿಯಾಗಿದ್ದಾಗ ಅವನನ್ನು ಕರೆದು ಈಥರ್ ಕೊಡಲು ಹೇಳಿದರು. ರೋಗಿ ಅಲ್ಲೇ ಸತ್ತ. ಇಂಥದ್ದು ಆಗುತ್ತಿರುತ್ತದೆ ಬಿಡು ಎಂದರಂತೆ ಹಿರಿಯರು. ಕುಶಿಂಗ್ ವೈದ್ಯವೃತ್ತಿಯನ್ನೇ ಬಿಟ್ಟುಬಿಡುವ ಯೋಚನೆ ಮಾಡಿದ. ಕೊನೆಗೆ ಗೆಳೆಯ ಕಾಡ್‌ಮನ್ನನೊಡನೆ ಸೇರಿ, ಯಾರು ಚೆನ್ನಾಗಿ ಈಥರ್ ಕೊಡುತ್ತಾರೆಂದು ಒಂದು ಊಟದ ಪಂದ್ಯ ಕಟ್ಟಿ, ನಾಡಿ ಉಸಿರುಗಳನ್ನು ಆಪರೇಷನ್ ನಡೆಯುತ್ತಿರುವಾಗಲೇ ಕಾಗದದ ಮೇಲೆ ಗುರುತಿಸುವ ಪಟ್ಟಿಯನ್ನು 1894ರ ಸುಮಾರಿಗೆ ಆರಂಭಿಸಿದ. ಆ ಪಟ್ಟಿಯ ಸಂತತಿಯೇ ಇಂದು ಪ್ರತಿ ಆಪರೇಷನ್ ಕೋಣೆಯಲ್ಲಿರುವುದು. ಕಾಡ್‌ಮನ್ ಇನ್ನೂ ಮುಂದೆ ಹೋದ: ತನ್ನ ಸ್ವಂತ ಆಸ್ಪತ್ರೆಯಲ್ಲಿ 1911ರಿಂದ 1916ರವರೆಗೆ ನೋಡಿದ 337 ರೋಗಿಗಳ ಗತಿಯನ್ನು ಬರೆದು, ಅದರಲ್ಲಿ ತನ್ನವೇ 123 ತಪ್ಪುಗಳನ್ನು ಅಚ್ಚು ಹಾಕಿ ಹಂಚಿದ. ಸಹೋದ್ಯೋಗಿಗಳು ಅವನನ್ನು ದೂರವಿಟ್ಟರೆಂದು ಬೇರೆ ಹೇಳಬೇಕಾಗಿಲ್ಲ.

ಮುಂದಿನದು ಎಣಿಕೆಯ ಕಾಲ. ಬಾಸ್ಟನ್ನಿನ ಬೀಚರ್ ಮತ್ತು ಟಾಡ್ 1948ರಿಂದ 1952ರವರೆಗೆ ಅಮೆರಿಕದ ಹತ್ತು ಆಸ್ಪತ್ರೆಗಳಲ್ಲಿ ಕೊಟ್ಟ 5,99,548 ಅರಿವಳಿಕೆಗಳ ಲೆಕ್ಕ ತೆಗೆದು 1954ರಲ್ಲಿ ಪ್ರಕಟಿಸಿದರು. ಸಾವಿಗೆ ಅರಿವಳಿಕೆಯೂ ಒಂದು ಮುಖ್ಯ ಕಾರಣವಾದದ್ದು 1,560ಕ್ಕೆ ಒಬ್ಬರಲ್ಲಿ. ಸ್ನಾಯುಗಳನ್ನು ಸಡಿಲಿಸುವ ಕ್ಯುರಾರೆ ಜಾತಿಯ ಹೊಸ ಮದ್ದು ಪಡೆದವರಲ್ಲಿ 370ಕ್ಕೆ ಒಬ್ಬರು, ಪಡೆಯದವರಲ್ಲಿ 2,100ಕ್ಕೆ ಒಬ್ಬರು. ಮದ್ದೇ ಕಾರಣವೋ, ಅದನ್ನು ಹೆಚ್ಚು ಜಬರದಸ್ತಾದ ಆಪರೇಷನ್‌ಗಳಿಗೆ ಬಳಸಿದ್ದು ಕಾರಣವೋ ಎಂದು ಜಗಳವೆದ್ದಿತು. ಆದರೆ ಈಗ ಜಗಳಕ್ಕೆ ಎರಡೂ ಕಡೆಯವರ ಕೈಯಲ್ಲಿ ಲೆಕ್ಕವಿತ್ತು. ಇಂಗ್ಲೆಂಡಿನ ಮೂರು ಪ್ರಾಂತಗಳಲ್ಲಿ ಆಪರೇಷನ್ ಆದ ಮೂವತ್ತು ದಿನಗಳೊಳಗೆ ಸತ್ತವರ ವಿವರಗಳನ್ನು, ವೈದ್ಯರ ಹೆಸರು ಬಯಲಾಗದಂತೆ ನೋಡಿಕೊಂಡು, ಅವರಿಂದಲೇ ಪಡೆದು 1987ರಲ್ಲಿ ವರದಿ ಹೊರಡಿಸಿದರು. ಅರಿವಳಿಕೆಯೊಂದರಿಂದಲೇ ಆದ ಸಾವು ಸುಮಾರು 1,85,000 ಆಪರೇಷನ್‌ಗಳಿಗೆ ಒಂದು. ಎರಡು ಲೆಕ್ಕಗಳ ಮಾನದಂಡ ಒಂದೇ ಅಲ್ಲದಿದ್ದರೂ ನಡುವೆ ನಡೆದ ದಾರಿ ಎಷ್ಟು ದೊಡ್ಡದೆಂದು ಊಹಿಸಬಹುದು.

ಈಚಿನ ಎಣಿಕೆಯೊಂದರಲ್ಲಿ ನಮ್ಮ ದಿಲ್ಲಿಯೂ ಇತ್ತು. ವಿಶ್ವ ಆರೋಗ್ಯ ಸಂಸ್ಥೆ ಒಂದು ಪುಟದ ಪಟ್ಟಿಯನ್ನು ಮಾಡಿತ್ತು: ರೋಗಿಯ ಹೆಸರು ಹೇಳಿ ಖಚಿತಪಡಿಸಿಕೊಳ್ಳಿ, ಯಾವ ಭಾಗ, ಯಾವ ಆಪರೇಷನ್ ಎಂದು ಗಟ್ಟಿಯಾಗಿ ಓದಿ, ಬೆರಳಿಗೆ ಆಕ್ಸಿಮೀಟರ್ ಹಾಕಿದೆಯೇ ನೋಡಿ, ಕೊನೆಯಲ್ಲಿ ಬಟ್ಟೆ ಸೂಜಿಗಳನ್ನು ಎಣಿಸಿ. ಇಷ್ಟೇ. ದಿಲ್ಲಿ, ಲಂಡನ್, ಮನಿಲಾ ಮೊದಲಾದ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪಟ್ಟಿ ಬರುವ ಮೊದಲು 3,733, ಬಂದ ಮೇಲೆ 3,955 ರೋಗಿಗಳನ್ನು ಗಮನಿಸಿದರು. 2009ರಲ್ಲಿ ಬಂದ ಫಲಿತಾಂಶದಂತೆ ಸಾವು ನೂರಕ್ಕೆ 1.5ರಿಂದ 0.8ಕ್ಕೆ, ತೊಡಕುಗಳು 11ರಿಂದ 7ಕ್ಕೆ ಇಳಿದಿದ್ದವು.

ಆ ಬೆರಳಿನ ಕ್ಲಿಪ್ಪು ಜಪಾನಿನ ತಕುವೊ ಅಯೋಯಾಗಿಯ 1974ರ ಕಲ್ಪನೆಯ ಕೂಸು. ಕೊರೋನಾ ಕಾಲದಲ್ಲಿ ಮನೆಮನೆಗೂ ಬಂದದ್ದು ಇದೇ. ಅದರ ಮೇಲೆ ಎರಡು ಅಂಕಿಗಳು ಮೂಡುತ್ತವೆ: ಒಂದು ನಾಡಿಯ ಬಡಿತ, ಇನ್ನೊಂದು ಉಸಿರಿನಿಂದ ರಕ್ತಕ್ಕೆ ಸೇರಿದ ಆಮ್ಲಜನಕ. ಲಂಡನ್ನಿನವರಿಗೂ ಎಡಿನ್‌ಬರೋದವರಿಗೂ ಬೇಕಾದದ್ದು ಒಂದೇ ಬೆರಳ ತುದಿಯಲ್ಲಿ.

ಮಾವನ ಆಪರೇಷನ್ ಒಂದೂವರೆ ಗಂಟೆಯಲ್ಲಿ ಮುಗಿಯಿತು. ಸಂಜೆ ವಾರ್ಡಿಗೆ ತಂದಾಗ ಇನ್ನೂ ಅರೆಗಣ್ಣು. ಬೆರಳಿನಲ್ಲಿ ಕ್ಲಿಪ್ಪು ಇತ್ತು. ನಮ್ಮನ್ನು ನೋಡಿ ಮೊದಲು ನೀರು ಕೇಳಿದರು, ಆ ಮೇಲೆ ತೆಗೆದ ಕಲ್ಲು ಎಷ್ಟು ದೊಡ್ಡದಿತ್ತೆಂದು ಕೇಳಿದರು. ಮೂರನೆಯ ದಿನ ಮನೆಗೆ ಬಂದು ಅನ್ನ ಸಾರು ಉಣ್ಣುತ್ತಿರುವಾಗ ಏನೋ ನೆನಪಾದಂತೆ, "ಮಲಗಿಸಿದ ಡಾಕ್ಟರಮ್ಮ ನನ್ನ ತಲಿ ಕಡೆ ನಿಂತು ಹೆದರಬ್ಯಾಡ್ರಿ ಅಜ್ಜಾರ, ಇಲ್ಲೇ ಇರ್ತೀನಿ ಅಂದಿದ್ಲು. ಆಕಿ ಹೆಸರೇನೋ?" ಎಂದರು. ಸರ್ಜನ್ನರ ಹೆಸರು, ಡಿಗ್ರಿ, ಫೀಸು ಎಲ್ಲ ನಮಗೆ ಬಾಯಿಪಾಠವಾಗಿತ್ತು. ಈ ಹೆಸರು ಗೊತ್ತಿರಲಿಲ್ಲ. ಊಟದ ಕೈ ತೊಳೆದು ಡಿಸ್ಚಾರ್ಜ್ ಕಾಗದಗಳನ್ನು ತೆಗೆದು ಹುಡುಕಿದೆವು. ಎರಡನೆಯ ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ, ಇತ್ತು.